ಮುದ್ರೆ ಸುಳ್ಳು ಹೇಳುವುದಿಲ್ಲ

ಉಳಿಯ ತುದಿ ಮುದ್ರೆಗೆ ತಾಗಿತ್ತು. ಒಂದು ಏಟು ಸಾಕು, ಭಂಡಾರದ ಬಾಗಿಲ ಹಗ್ಗದ ಗಂಟಿಗೆ ಮೆತ್ತಿದ್ದ ಮಣ್ಣು ಪುಡಿಯಾಗುತ್ತಿತ್ತು. ನಡುಹಗಲು, ಮೊಸಳೆ ಮೊಗದ ಸೊಬೆಕ್ ದೇವರ ಗುಡಿಯಲ್ಲಿ ತೂಕಡಿಸುವ ಕಾವಲಿನವನ ಹೊರತು ನರಪಿಳ್ಳೆಯಿಲ್ಲ. ರುಯು ಇನ್ನೊಂದು ಕೈಯಲ್ಲಿ ಕಲ್ಲು ಎತ್ತಿಕೊಂಡಳು.

ಮೂರು ವರ್ಷದ ಹಿಂದೆ ಇದೇ ಬಾಗಿಲ ಮುದ್ರೆ ಒಡೆದು, ಮೊಸಳೆ ದೇವರ ಬೆಳ್ಳಿ ಬಟ್ಟಲು ಮಾಯವಾಗಿತ್ತು. ಕದ್ದವನು ಪೂಜಾರಿ ಉಸೆರ್ಹತ್. ಮೂಗು ಕೊಯ್ಸಿಕೊಂಡವನು ಬಾಗಿಲು ಕಾಯುತ್ತಿದ್ದ ಅವಳ ಅಣ್ಣ ಇಪುಯ್.

"ಮುದ್ರೆ ಸುಳ್ಳು ಹೇಳಲ್ಲ. ಒಡೆದಿದ್ರೆ ಕಾವಲಿನವನೇ ಕಳ್ಳ," ಎಂದು ವಿಚಾರಣೆಯಲ್ಲಿ ಸಾರಿದವನೂ ಉಸೆರ್ಹತನೇ.

ಅವನು ಅದೇ ಬಟ್ಟಲಲ್ಲಿ ಮದ್ಯ ಹೀರುವುದನ್ನು ರುಯು ಕಣ್ಣಾರೆ ಕಂಡಿದ್ದಳು. ಮುದ್ರೆಯ ಮಣ್ಣು ನಾದುವ ಹೆಂಗಸಿನ ಮಾತನ್ನು ಕೇಳುವವರು ಯಾರು? ಇಪುಯ್ ಇಂದಿಗೂ ಮುಖಕ್ಕೆ ಬಟ್ಟೆ ಸುತ್ತಿಕೊಂಡೇ ಉಣ್ಣುತ್ತಾನೆ. ಅವಳಿಗೆ ಬೇಕಾದದ್ದು ಒಂದೇ, ಪೂಜಾರಿಯ ಮೂಗು.

ಅವತ್ತು ಬೆಳಿಗ್ಗೆಯೂ ಅವನು ಕೆಣಕಿದ್ದ. ಬಾಗಿಲ ಮುಂದೆ ನಿಂತೇ ಮುದ್ರೆ ಒತ್ತಬೇಕೆಂಬುದು ಗುಡಿಯ ಕಟ್ಟಳೆ. ಉಸೆರ್ಹತನಿಗೆ ಸುಟ್ಟ ಬಾತುಕೋಳಿ ಬಿಟ್ಟೇಳಲು ಸೋಮಾರಿತನ. ಅಂಜೂರದ ನೆರಳಲ್ಲಿ ಕೂತೇ ಮುದ್ರೆಯುಂಗುರದ ಬೆರಳು ಚಾಚಿದ.

"ಮಣ್ಣು ಹಿಡಿಯೇ, ಮೂಗುಹರುಕನ ತಂಗಿ."

"ಇನ್ನೊಂದು ಉಂಡೆಗೂ ಒತ್ತಿಬಿಡಿ ಸ್ವಾಮಿ. ಬಿಸಿಲಿಗೆ ಬಿರುಕು ಬಿಟ್ರೆ ನಿಮ್ಮನ್ನ ಮತ್ತೆ ಊಟದಿಂದ ಎಬ್ಬಿಸಬೇಕಾಗುತ್ತೆ."

"ಮೂಗಿಲ್ಲದ ಮನೇಲೂ ಬುದ್ಧಿ ಇದೆಯಲ್ಲ!" ಎಂದು ನಕ್ಕು ಒತ್ತಿದ. "ಹೋಗಿ ನೀನೇ ಮೆತ್ತು."

ಈಗ ಬಾಗಿಲ ಪಕ್ಕದಲ್ಲಿ ಕಾವಲಿನ ಮುದುಕ ಪನೆಬ್ ಗೋಡೆಗೊರಗಿ ತೂಕಡಿಸುತ್ತಿದ್ದ. ಇಪುಯ್‌ಗೆ ಇಂದಿಗೂ ಈರುಳ್ಳಿ ತಂದುಕೊಡುವವನು ಇವನೊಬ್ಬನೇ. ಮುದ್ರೆ ಒಡೆದದ್ದು ಕಂಡರೆ ನಾಳೆ ಹೋಗುವುದು ಇವನ ಮೂಗು.

"ಯಾರದು?" ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದ.

"ನಾನೇ ಮಾವ. ಮಲ್ಕೋ."

ಮರುದಿನ ಹಬ್ಬ. ದೇವರ ಚಿನ್ನದ ಕಂಠಿ ತೆಗೆಸಲು ಹಿರಿಯ ಅರ್ಚಕರು ಬಂದರು. ಮುದ್ರೆ ಇಡಿಯಾಗಿತ್ತು, ಒಂದು ಕೂದಲೆಳೆಯ ಬಿರುಕೂ ಇಲ್ಲ. ಉಸೆರ್ಹತ್ ಅದರ ಮೇಲೆ ಬೆರಳಾಡಿಸಿ, ವಾಡಿಕೆಯಂತೆ ಎಲ್ಲರೆದುರು ಆಣೆಯಿಟ್ಟ.

"ಇದು ನನ್ನ ಮುದ್ರೆ. ಇಲ್ಲೇ ನಿಂತು ನನ್ನ ಕೈಯಾರೆ ಒತ್ತಿದ್ದು. ಸುಳ್ಳಾದ್ರೆ ಮೊಸಳೆ ನನ್ನ ನುಂಗಲಿ!"

ಮಣ್ಣು ಒಡೆದ. ಹಗ್ಗ ಬಿಚ್ಚಿದ. ಪೆಟ್ಟಿಗೆಯ ಮುಚ್ಚಳ ಎತ್ತಿದ.

ಪೆಟ್ಟಿಗೆ ಖಾಲಿ.

"ಮುದ್ರೆ ಇಡಿಯಾಗಿದೆ, ಕಂಠಿ ಇಲ್ಲ," ಎಂದರು ಹಿರಿಯರು ನಿಧಾನವಾಗಿ. "ಒಳಗೆ ಹೋಗಿ ಬಂದು ಮತ್ತೆ ಮುದ್ರೆ ಒತ್ತೋಕೆ ಉಂಗುರ ಇದ್ದೋನಿಂದ ಮಾತ್ರ ಸಾಧ್ಯ. ಇವನ ಮನೆ ಹುಡುಕಿ."

ಮನೆಯಲ್ಲಿ ಆ ಬೆಳ್ಳಿ ಬಟ್ಟಲಿತ್ತು. ಉಸೆರ್ಹತನ ಮುಖ ಸುಣ್ಣದಂತಾಯಿತು. ಅವನ ಕಣ್ಣು ಗುಂಪಿನಲ್ಲಿ ರುಯುವನ್ನು ಹುಡುಕಿ ಹಿಡಿಯಿತು. ಬಾಯಿ ತೆರೆದ. ನಿಜ ಹೇಳಿದರೆ ಈಗಷ್ಟೇ ಇಟ್ಟ ಆಣೆ ಸುಳ್ಳಾಗುತ್ತಿತ್ತು, ಅದಕ್ಕೆ ಶಿಕ್ಷೆ ಮೂಗಿಗೇ ನಿಲ್ಲುತ್ತಿರಲಿಲ್ಲ. ಬಾಯಿ ಮುಚ್ಚಿದ.

"ಮುದ್ರೆ ಸುಳ್ಳು ಹೇಳಲ್ಲ, ಅಲ್ವಾ ಸ್ವಾಮಿ?" ಎಂದಳು ರುಯು.

ಅವಳ ಬುಟ್ಟಿಯ ಹಸಿಮಣ್ಣಿನಲ್ಲಿ ಕಂಠಿ ತಣ್ಣಗೆ ಮಲಗಿತ್ತು. ನಿನ್ನೆ ನಡುಹಗಲಿನಲ್ಲಿ ಒಡೆದ ಮುದ್ರೆ ಅದೇ ಮಣ್ಣಿನಲ್ಲಿ ನೆನೆದು ಕರಗಿಹೋಗಿತ್ತು. ಇಂದು ಬಾಗಿಲ ಮೇಲಿದ್ದದ್ದು, ಊಟದಿಂದ ಏಳುವುದು ತಪ್ಪಲಿ ಎಂದು ಅವನೇ ನಗುತ್ತ ಒತ್ತಿಕೊಟ್ಟ ಎರಡನೆಯ ಉಂಡೆ.