ನಾಲ್ಕನೆಯ ಬಟನ್

"ಬೆಳಗ್ಗೆಯಿಂದ ಇದು ನಾಲ್ಕನೇ ಸಲ. ಆ ನಾಯಿಗೆ ಬುದ್ಧಿ ಇಲ್ಲ ಸರಿ, ನಿನಗೇನಾಗಿದೆ?"

"ನನ್ನನ್ನ ಯಾಕೆ ಬೈತೀರಿ? ಕೇಳಿದ್ದು ದೊರೆ."

ದೊರೆ ಎಂದರೆ ನಾಯಿ. ಹನ್ನೊಂದು ವರ್ಷದ ಮುದಿ ಪ್ರಾಣಿ, ಹಿಂಗಾಲು ಕುಂಟು. ಅಡುಗೆಮನೆಯ ಹೊಸ್ತಿಲ ಬಳಿ ಮೈಚಾಚಿ ಮಲಗಿತ್ತು. ಈ ಜಗಳ ತನಗೆ ಸಂಬಂಧಿಸಿದ್ದೇ ಅಲ್ಲ ಎಂಬಂತೆ ಒಂದು ಕಿವಿ ಅಲ್ಲಾಡಿಸಿ ಸುಮ್ಮನಾಯಿತು.

ಬೈಯುತ್ತಿದ್ದವನು ಗಡಿಯಾರ ರಿಪೇರಿಯವನು, ಬೈಸಿಕೊಳ್ಳುತ್ತಿದ್ದವಳು ಅವನ ಹೆಂಡತಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಂಗಡಿಗೂ ಅಡುಗೆಮನೆಗೂ ನಡುವೆ ಒಂದು ಪರದೆ. ಬೈಗುಳ ಪರದೆ ದಾಟುತ್ತಿತ್ತು, ಅವನು ದಾಟುತ್ತಿರಲಿಲ್ಲ. ಬಿಚ್ಚಿಟ್ಟ ಗಡಿಯಾರ ಬಿಟ್ಟು ಎದ್ದರೆ ಸಾಸಿವೆ ಗಾತ್ರದ ಸ್ಕ್ರೂ ಎಲ್ಲಿಗೆ ಉರುಳುತ್ತದೋ ಹೇಳಲಾಗದು.

ಮಾತಾಡುವ ಬಟನ್‌ಗಳನ್ನು ಮನೆಗೆ ತಂದವನೂ ಅವನೇ. ಅವುಗಳಲ್ಲಿ ಒಂದೊಂದು ಮಾತು ತುಂಬಿಡಬೇಕು. ಒತ್ತಿದರೆ ಅದೇ ಮಾತು ಕೇಳಿಸುತ್ತದೆ. ಕಲಿಸಿದರೆ ನಾಯಿ ತನಗೆ ಬೇಕಾದದ್ದನ್ನು ಒತ್ತಿ ಕೇಳುತ್ತದೆ ಎಂದು ಯಾರೋ ಗಿರಾಕಿ ಅವನ ತಲೆ ತುಂಬಿದ್ದ. ಅಡುಗೆಮನೆಯ ನೆಲದ ಮೇಲೆ ಒಟ್ಟು ನಾಲ್ಕು: ಊಟ, ನೀರು, ಆಟ, ಹೊರಗೆ. ಮಾತು ತುಂಬಿದವಳು ಹೆಂಡತಿ, ಕಲಿಸಿದವಳೂ ಅವಳೇ. ಹೆಸರು ಬಂದದ್ದು ಗಂಡನಿಗೆ.

'ಊಟ' ದೊರೆಗೆ ಒಂದೇ ವಾರದಲ್ಲಿ ಬಂತು. ಜೊಲ್ಲು ಸುರಿಸುತ್ತ ಕೆರೆದು ಕೆರೆದು ಆ ಬಟನ್ನಿನ ಮೈತುಂಬ ಉಗುರಿನ ಗೀರು ಮಾಡಿತು. ಗಂಡ ಗಿರಾಕಿಗಳನ್ನು ಒಳಗೆ ಕರೆದು ಅದನ್ನು ತೋರಿಸುತ್ತಿದ್ದ. 'ನೀರು', 'ಆಟ' ಎರಡೂ ಅದರ ತಲೆಗೆ ಹತ್ತಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಪರದೆಯ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು: "ಹೊರಗೆ."

ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನಕ್ಕ. "ಕೇಳಿಸ್ತಾ? ಕರ್ಕೊಂಡು ಹೋಗೇ. ಪಾಪ, ಬಾಯಿಲ್ಲದ ಜೀವ."

ಹೆಂಡತಿ ಬೀದಿಗೆ ಇಳಿಯುವುದು ಅವನಿಗೆ ಸರಿಬರುತ್ತಿರಲಿಲ್ಲ. ತರಕಾರಿ ಅವನೇ ತರುತ್ತಿದ್ದ, ಸೀರೆ ಅವನೇ ಆರಿಸುತ್ತಿದ್ದ. ತಂಗಿಯ ಮನೆಗೆ ಹೋಗಿಬರುತ್ತೇನೆಂದರೆ, "ಏನು ಕಡಿಮೆ ಮಾಡಿದೀನಿ ನಿನಗೆ?" ಎನ್ನುತ್ತಿದ್ದ. ಆದರೂ ನಾಯಿಯ ಮಾತು ತೆಗೆದುಹಾಕಲು ಮನಸ್ಸು ಬರಲಿಲ್ಲ. ಇಪ್ಪತ್ತು ನಿಮಿಷ ಗೊತ್ತುಮಾಡಿದ. ಗೋಡೆಯ ತುಂಬ ಗಡಿಯಾರ ಇಟ್ಟುಕೊಂಡವನಿಗೆ ಲೆಕ್ಕ ತಪ್ಪುತ್ತದೆಯೇ? ಅವಳು ಒಂದು ದಿನವೂ ಇಪ್ಪತ್ತೊಂದು ಮಾಡಲಿಲ್ಲ.

ದಿನಕ್ಕೊಂದು ಸಲ ಇದ್ದದ್ದು ಎರಡಾಯಿತು, ನಾಲ್ಕಾಯಿತು. ಆಗಲೇ ಪಕ್ಕದ ಕಟಿಂಗ್ ಶಾಪಿನವನು ಕತ್ತರಿ ಆಡಿಸುತ್ತಲೇ ಹುಳ ಬಿಟ್ಟ. "ಏನಣ್ಣ, ನಿಮ್ಮ ದೊರೆಯ ದರ್ಬಾರು ಈಗ ಬಸ್‌ಸ್ಟಾಪಿನಲ್ಲಂತೆ? ಅತ್ತಿಗೇನೂ ಅಲ್ಲೇ ಕೂತಿರ್ತಾರೆ. ಯಾರಿಗಾದ್ರೂ ಕಾಯ್ತಾರಾ?"

ಅವನ ಮೈ ಉರಿದುಹೋಯಿತು. ಮರುದಿನ ಅಂಗಡಿಯ ಬಾಗಿಲು ಎಳೆದುಕೊಂಡು ಹಿಂದೆಯೇ ಹೋದ. ದೊರೆ ಗೇಟಿನ ಬಳಿಯೇ ಕುಳಿತುಬಿಟ್ಟಿತು. ಅವಳು ಹಗ್ಗ ಹಿಡಿದು ಎಳೆದಳು, ಗಲ್ಲ ಹಿಡಿದು ರಮಿಸಿದಳು. ಅಂತೂ ಕುಂಟುತ್ತ ಹೊರಟಿತು. ಬಸ್‌ಸ್ಟಾಪಿನ ಬೆಂಚಿನ ಮೇಲೆ ಅವಳು ಕುಳಿತಳು. ಕೆಳಗೆ ನಾಯಿ ನಿದ್ದೆ ಹೊಡೆಯಿತು. ಮೂರು ಬಸ್ಸು ಬಂದುಹೋದವು. ಪ್ರತಿಯೊಂದರ ಬೋರ್ಡನ್ನೂ ಅವಳು ಓದಿದಳು. ಯಾರೂ ಇಳಿದು ಅವಳ ಬಳಿ ಬರಲಿಲ್ಲ, ಅವಳು ಯಾರತ್ತಲೂ ನೋಡಲಿಲ್ಲ. ಹೊತ್ತಿಗೆ ಸರಿಯಾಗಿ ಎದ್ದು ಹೊರಟಳು.

ಅವನಿಗೆ ಎದೆಯ ಭಾರ ಇಳಿದಂತಾಯಿತು. "ಅಂಥದ್ದೇನೂ ಇಲ್ಲ ಕಣಯ್ಯ," ಎಂದು ಕಟಿಂಗ್ ಶಾಪಿನವನಿಗೆ ಹೇಳಿದ. "ನಮ್ಮ ನಾಯಿಗೆ ಬಸ್ ನೋಡೋ ಹುಚ್ಚು."

ಅನುಮಾನ ಹೋಯಿತು, ಸಿಟ್ಟು ಹೋಗಲಿಲ್ಲ. ಇವತ್ತು ಚಹಾ ತಡವಾಗಿತ್ತು, ಅಂಗಿಗೆ ಇಸ್ತ್ರಿ ಆಗಿರಲಿಲ್ಲ. ಎಲ್ಲಕ್ಕೂ ನಾಯಿಯೇ ಕಾರಣ.

"ನಾಳೆ ಆ ಬಟನ್ ಕಿತ್ತು ಬಿಸಾಕ್ತೀನಿ," ಎಂದು ಕೂಗಿದ.

"ನಾಳೆನಾ?"

"ನಾಳೆ ಬೆಳಗ್ಗೆನೇ. ಕೇಳಿದ್ದಕ್ಕೆಲ್ಲ ಹೂಂ ಅಂತಾ ಹೋದ್ರೆ ತಲೆ ಮೇಲೆ ಕೂರುತ್ತೆ. ನಾಯಿ ನಾಯಿ ಥರ ಇರ್ಬೇಕು."

ಪರದೆಯ ಹಿಂದೆ ಪಾತ್ರೆಗೆ ಮುಚ್ಚಳ ಹಾಕಿದ ಸದ್ದು. ಆಮೇಲೆ: "ಹೊರಗೆ."

"ನೋಡು, ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಹೋಗು, ಇದೇ ಕೊನೇ ಸಲ. ಇಪ್ಪತ್ತೇ ನಿಮಿಷ."

"ಆಯ್ತು. ನಿಮ್ಮ ಊಟ ಮುಚ್ಚಿಟ್ಟಿದೀನಿ," ಎಂದಳು. ಚಪ್ಪಲಿ ಮೆಟ್ಟಿ, ದೊರೆಯನ್ನು ಎಳೆದುಕೊಂಡು ಹೊರಟಳು.

ಮೂವತ್ತೈದನೆಯ ನಿಮಿಷಕ್ಕೆ ದೊರೆ ಒಂದೇ ಬಂತು. ಕಾಲಿಗೆ ತೊಡರದ ಹಾಗೆ ಹಗ್ಗವನ್ನು ಸುರುಳಿ ಸುತ್ತಿ ಕತ್ತಿನ ಪಟ್ಟಿಗೆ ಸಿಕ್ಕಿಸಿತ್ತು. ನೀರು ಕುಡಿದು, ತನ್ನ ಜಾಗದಲ್ಲಿ ಮಲಗಿಕೊಂಡಿತು.

ಮೂರನೆಯ ದಿನ ನಾದಿನಿಯ ಫೋನ್. "ಅಕ್ಕ ನಮ್ಮನೇಲೇ ಇದ್ದಾಳೆ, ಭಾವ. ಇನ್ನು ಅಲ್ಲಿಗೆ ಬರಲ್ಲವಂತೆ."

"ಮೂಕ ಪ್ರಾಣಿನ ನಡುಬೀದೀಲಿ ಬಿಟ್ಟು ಹೋದಳಲ್ಲ, ಅವಳಿಗೆ ಕರುಳಿದೆಯಾ?" ಎಂದು ಅವನು ಬೀದಿಯವರೆದುರು ಹಾರಾಡಿದ.

ದೊರೆ ಎರಡು ಹೊತ್ತೂ ತಪ್ಪದೆ 'ಊಟ' ಒತ್ತುತ್ತಿತ್ತು. ಬಟನ್ನಿನಿಂದ ಬರುವ ದನಿ ಅವಳದು, ಅನ್ನಕ್ಕಿಡುವ ಕೆಲಸ ಇವನದು. ಆದರೆ 'ಹೊರಗೆ' ಎಂದು ಅದು ಒಂದು ಸಲವೂ ಕೇಳಲಿಲ್ಲ. ಅವನು ಪರದೆಯನ್ನೂ ಸರಿಸಿಟ್ಟು ಕಾದ. ವಾರ ಕಳೆಯಿತು.

"ಕೊರಗು ಹಿಡಿದಿದೆ, ಅಣ್ಣ," ಎಂದ ಕಟಿಂಗ್ ಶಾಪಿನವನು.

"ಕೊರಗೂ ಇಲ್ಲ, ಮಣ್ಣೂ ಇಲ್ಲ. ಬಟನ್ ಕೆಟ್ಟಿರ್ಬೇಕು."

ರಿಪೇರಿ ಅವನ ಕಸುಬು. ನಾಲ್ಕನೆಯ ಬಟನ್ ತಂದು ಮೇಜಿನ ಮೇಲಿಟ್ಟು ಬಿಚ್ಚಿದ. ಸೆಲ್ ಸರಿಯಿತ್ತು, ತಂತಿ ಸರಿಯಿತ್ತು. ಒತ್ತಿದರೆ ಅವಳ ದನಿ ಚೊಕ್ಕವಾಗಿ "ಹೊರಗೆ" ಎಂದಿತು. ಮಲಗಿದ್ದ ದೊರೆ ತಲೆಯನ್ನೂ ಎತ್ತಲಿಲ್ಲ. ಅವನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಟನ್ನನ್ನು ಬೆಳಕಿಗೆ ಹಿಡಿದ.

ಅದರ ಮೇಲೆ ಉಗುರಿನ ಗೀರು ಒಂದೂ ಇರಲಿಲ್ಲ. ನಟ್ಟನಡುವೆ, ಕಾಲಿನ ಹೆಬ್ಬೆರಳು ಕೂರುವಷ್ಟು ಜಾಗ ಸವೆದು ನುಣ್ಣಗಾಗಿತ್ತು.