ಹಿಂದಿನ ಸೀಟಿನ ಸದ್ದು

ಮರುದಿನದ ಫಿಟ್‌ನೆಸ್ ಪರೀಕ್ಷೆಗೆಂದು ಜಾಕ್ ಕೊಟ್ಟು ಎತ್ತಿದ್ದ ಕಾರಿನ ಹಿಂದಿನ ಚಕ್ರವನ್ನು ಮೆಕ್ಯಾನಿಕ್ ಗಿರ್ರನೆ ತಿರುಗಿಸಿದ. ಅದು ಗೊರಗೊರ ಎಂದಿತು. "ಬೇರಿಂಗ್ ಹೋಗಿ ತಿಂಗಳುಗಳೇ ಆಗಿವೆ ಸಾರ್. ಹಿಂದೆ ಕೂತವ್ರು ಯಾರೂ ಹೇಳ್ಲಿಲ್ವಾ?"

ಹೇಳಿದ್ದಳು, ಕಾರು ತಂದವನ ಅಮ್ಮ. ಕಾರು ಹತ್ತಿದಾಗಲೆಲ್ಲ "ಗುಂಯ್ ಅಂತಿದೆ ಕಣೋ" ಅನ್ನುತ್ತಿದ್ದಳು. ಅವನು "ಅದು ನಿನ್ನ ಕಿವಿಯದ್ದೇ ಕಾಟ" ಎಂದು ರೇಗಿ, ಕಿವಿಗೆ ಬಿಡುವ ಔಷಧಿ ತಂದುಕೊಟ್ಟು ಕೈ ತೊಳೆದುಕೊಂಡಿದ್ದ.

ಹೊಸ ಬೇರಿಂಗ್ ಹಾಕಿಸಿಕೊಂಡು ಬಂದು, ಸಂಜೆ ಅವಳನ್ನು ಕೂರಿಸಿಕೊಂಡು ಹೊರಟ. ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹಿಂದಿನಿಂದ ಅವನ ಭುಜ ತಟ್ಟಿದಳು.

"ಸದ್ದು ನಿಂತೇಹೋಯ್ತು ಕಣೋ! ನೀನು ಕೊಟ್ಟ ಔಷಧಿ ಕೆಲಸ ಮಾಡ್ತು. ಸುಮ್ನೆ ಕಾರನ್ನ ದೂರ್ತಿದ್ದೆ, ತಪ್ಪು ನಂದೇ. ಬೇಜಾರ್ ಮಾಡ್ಕೋಬೇಡ."

ಅವಳ ಮುಖ ಕಾಣದಂತೆ ಅವನು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದ.

"ಇರ್ಲಿ ಬಿಡಮ್ಮ," ಎಂದ.