ಅಜ್ಜಿ ಮುಚ್ಚಿಟ್ಟ ನೆರೆಯವರು

ಅಜ್ಜಿಯ ಮಾತು ಬಂದಾಗಲೆಲ್ಲ ಕಸ್ತೂರಿಬಾಯಿ ಹೇಳುತ್ತಿದ್ದುದು ಆ ಒಂದು ಗಳಿಗೆಯನ್ನೇ. ಹಲಬರ್ಗಾದ ಮನೆಯ ಬಾಗಿಲು ತೆರೆದ ತನ್ನ ತಾಯಿಯನ್ನು ಕಂಡು ಅಪ್ಪ ಮನ್ಮಥಪ್ಪ ಅತ್ತೇಬಿಟ್ಟಿದ್ದ. ನಿಜಾಮನ ಕಡೆಯ ರಜಾಕಾರರ ಹೆದರಿಕೆಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೊಲ್ಲಾಪುರದ ಕಡೆ ಓಡಿಹೋಗಿದ್ದವನು ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆದಮೇಲೆ ಮರಳಿದ್ದ. ನಡೆಯಲಾರದೆ ಊರಲ್ಲೇ ಉಳಿದಿದ್ದ ಅಜ್ಜಿ ಅನುಸೂಯಾಬಾಯಿ ಬದುಕಿದ್ದಳು.

"ಎಷ್ಟು ಸೊರಗೀರಿ" ಎನ್ನುತ್ತ ಅಜ್ಜಿ ಮೊಮ್ಮಕ್ಕಳಿಗೂ ಮಗನಿಗೂ ಬಿಸಿ ರೊಟ್ಟಿ ಬಡಿಸಿದಳು. ಒಲೆಯ ಪಕ್ಕದ ಮೂಲೆಯಲ್ಲಿ ನೆರೆಮನೆಯ ರಹಮತಬಿ ಮಗಳನ್ನು ಅವುಚಿಕೊಂಡು ಕುಳಿತಿದ್ದಳು.

"ಇಕಿ ಇಲ್ಲಿ ಯಾಕ, ಅವ್ವಾ?" ಎಂದ ಮನ್ಮಥಪ್ಪ.

"ರಜಾಕಾರರು ಬಂದಾಗ ನನಗ ತನ್ನ ಮನ್ಯಾಗ ಮುಚ್ಚಿಟ್ಟಾಕಿ ಇಕಿನೇ. ಈಗ ರಜಾಕಾರರ ಮ್ಯಾಲಿನ ಸಿಟ್ಟಿಗಿ ಮಂದಿ ಮುಸಲ್ಮಾನರಾಕಿ ಅಂತ ಇಕಿಗಿ ಹುಡುಕ್ಲತ್ತಾರ."

ಮನ್ಮಥಪ್ಪ ಎದ್ದು ಬಾಗಿಲಿಗೆ ಅಗಳಿ ಹಾಕಿ ಬಂದ. ತನ್ನ ತಾಟನ್ನು ಆ ಹುಡುಗಿಯ ಮುಂದೆ ಸರಿಸಿ, "ಉಣ್ಣವ್ವಾ" ಎಂದ. ಅಜ್ಜಿ ನಗುತ್ತ ಇನ್ನಷ್ಟು ಹಿಟ್ಟು ನಾದತೊಡಗಿದಳು.